ಸಣ್ಣ ಕಂಬಳಿಗೆ ಅರ್ಹರು

ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ಒದ್ದೆ ಬೆಡ್‌ಶೀಟನ್ನು ಹಗ್ಗದ ಮೇಲೆ ಎಳೆಯುತ್ತಿದ್ದಾಗ ಕರಡಪ್ಪನ ಫೋನು ಹೊಡೆದುಕೊಂಡಿತು. ಕರಡಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಪರಿಹಾರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಾಗದಗಳ ಕರಡು ಬರೆದೂ ಬರೆದೂ ಅಂಟಿಕೊಂಡದ್ದು. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡುವುದಿಲ್ಲ.

ಫೋನಿನಲ್ಲಿ ಕಚೇರಿಯ ಮುಖ್ಯಸ್ಥೆ, ದೊಡ್ಡ ಮೇಡಂ. "ಆ ಪ್ರೊಫೆಸರಮ್ಮನಿಗೆ ಬರೆದ ಕಾಗದ ಇವತ್ತು ಐದು ಗಂಟೆಯೊಳಗೆ ಹೋಗ್ಬೇಕು. ಇಲ್ಲದಿದ್ರೆ ಆ ಕೆಲಸದ ದುಡ್ಡಿನ ಮಂಜೂರಾತಿ ರದ್ದು. ಹದಿನಾಲ್ಕು ತಿಂಗಳಾಯ್ತು ಕರಡಪ್ಪ! ಅಷ್ಟರಲ್ಲಿ ಬಸುರಿ ಹೆತ್ತು, ಮಗು ಬೋರಲು ಬಿದ್ದಿರುತ್ತೆ."

"ಹ್ಞೂ ಮೇಡಂ," ಅಂದ. ಕ್ಲಿಪ್ಪಿನ ದೆಸೆಯಿಂದ ಅದು ಹಲ್ಲುನೋವಿನವನ ನರಳಾಟದಂತೆ ಕೇಳಿಸಿತು.

ಬೆಡ್‌ಶೀಟಿನ ಇನ್ನೊಂದು ತುದಿ ಅವನ ಹೆಂಡತಿಯ ಕೈಯಲ್ಲಿತ್ತು. ಊರಾಚೆಯ ನಿರಾಶ್ರಿತರ ಶಿಬಿರಕ್ಕೆ ದಿಕ್ಕಿಲ್ಲದೆ ಬರುವ ಮಕ್ಕಳ ಹೆಸರು ಬರೆದುಕೊಳ್ಳುವವಳು ಅವಳು.

"ರೀ, ನಿನ್ನೆ ಇಬ್ಬರು ಬಂದ್ರು. ಅಕ್ಕನಿಗೆ ಒಂಬತ್ತು, ತಮ್ಮನಿಗೆ ನಾಲ್ಕು. ಅವನ ಅಂಗಿ ಹಿಡಿದುಕೊಂಡ ಕೈನ ಊಟಕ್ಕೂ ಬಿಡ್ಲಿಲ್ಲ ಆ ಹುಡುಗಿ. ಮಕ್ಕಳ ಶೆಡ್ಡಿಗೆ ಕಳಿಸ್ಲಾ? ಯಾವುದಾದ್ರೂ ಸಂಸಾರದ ಗುಡಾರಕ್ಕೆ ಸೇರಿಸ್ಲಾ? ಎಲ್ಲಿದ್ರೆ ಕ್ಷೇಮ ಅಂತ ಒಬ್ಬರೂ ಹೇಳೋರಿಲ್ಲ. ಅಂದಾಜಿನ ಮೇಲೆ ಮಕ್ಕಳನ್ನ ಹಂಚ್ತಾ ಇದೀನಿ ಕಣ್ರೀ."

ಕರಡಪ್ಪ ಕ್ಲಿಪ್ಪು ಹಾಕಿದ.

ಬಲ್ಲವರಿಲ್ಲ ಎಂದಲ್ಲ. ನೆರೆ ಬಂದಲ್ಲಿ, ಯುದ್ಧವಾದಲ್ಲಿ, ನೆಲ ನಡುಗಿದಲ್ಲಿ ಓದಿದವರು ಹೋಗಿ ನೋಡಿ ಬರೆದಿದ್ದಾರೆ. ಬರೆದದ್ದು ನೂರು ಕಡೆ ಚೆಲ್ಲಿಕೊಂಡಿದೆ. ಯಾರಾದರೊಬ್ಬರು ಎಲ್ಲವನ್ನೂ ಒಟ್ಟಿಗೆ ಓದಿ, ಜರಡಿ ಹಿಡಿದು, ಕಾಳು ಯಾವುದು ಹೊಟ್ಟು ಯಾವುದು ಎಂದು ಹೇಳಬೇಕು. ಆ ಕೆಲಸ ಮಾಡಿಕೊಡಿ ಎಂದು ಪ್ರೊಫೆಸರಮ್ಮನನ್ನು ಕೇಳುವ ಕಾಗದ ಅದು. ಅವರು ಬಾಯಿಮಾತಿನಲ್ಲಿ ಎಂದೋ ಒಪ್ಪಿದ್ದರು. ಕಾಗದವೊಂದು ಕೈಸೇರಬೇಕಿತ್ತು.

ಅದೇಕೆ ಸೇರಲಿಲ್ಲವೆಂದರೆ, ಕಚೇರಿಯಲ್ಲಿ ಒಂದು ಪದ್ಧತಿ. ಹೊರಹೋಗುವ ಪ್ರತಿ ಕಾಗದಕ್ಕೂ ಒಂದು ಹಳದಿ ಚೀಟಿ, ಚೀಟಿಯಲ್ಲಿ ಮೂರು ಮನೆ, ಮೂರು ವಿಭಾಗದವರ ಸಹಿ. ಒಬ್ಬರು ಒಂದು ಅಕ್ಷರ ತಿದ್ದಿದರೂ ಉಳಿದಿಬ್ಬರು ಹೊಸದಾಗಿ ಸಹಿ ಹಾಕಬೇಕು. ಅವರು ಪೆನ್ನು ತೆರೆದ ಮೇಲೆ ಸುಮ್ಮನೆ ಮುಚ್ಚುತ್ತಾರೆಯೇ? ಒಲೆಯ ಮೇಲಿನ ಪಾತ್ರೆ ಕಂಡ ಮೂವರು ಓರಗಿತ್ತಿಯರು ಬಂದು ಬಂದು ಉಪ್ಪು ಹಾಕಿದ ಹಾಗೆ.

ಹತ್ತು ಗಂಟೆಗೆ ಕರಡಪ್ಪ ತನ್ನ ಮೊದಲ ಕರಡನ್ನೇ ಹೊಸದಾಗಿ ಟೈಪು ಮಾಡಿಸಿಕೊಂಡು ಮೂರನೇ ಮಹಡಿಯ ಕಾನೂನಿನವರ ಮುಂದೆ ನಿಂತಿದ್ದ. ಅವರು ಕನ್ನಡಕ ಒರೆಸಿಕೊಂಡರು.

"'ಕಾಪಾಡುವ' ಅಂತ ಬರೆದಿದೀಯಲ್ಲಪ್ಪ. ಕಾಪಾಡ್ತೀವಿ ಅಂತ ನಾವು ಯಾರಿಗೆ ಮಾತು ಕೊಟ್ಟಿದೀವಿ? ನಾಳೆ ಒಬ್ಬ ಕೋರ್ಟಿಗೆ ಹೋದ ಅಂತಿಟ್ಕೋ. 'ಸಂಬಂಧಿಸಿದ ಕ್ರಮಗಳು' ಅಂತ ಮಾಡು. ಒಂದೇ ಮಾತು ತಿದ್ದಿರೋದು, ಮುಖ ಯಾಕೆ ಹಾಗೆ ಮಾಡ್ತೀಯ?"

ಲಿಫ್ಟು ಕೆಟ್ಟಿತ್ತು. ಮೆಟ್ಟಿಲಿಳಿದು ಮೊದಲ ಮಹಡಿಗೆ ಬಂದರೆ ಪ್ರಚಾರದಮ್ಮ, "ಅಯ್ಯೋ, 'ಆಪತ್ತು' ಅನ್ನೋ ಪದ ಓದಿದ್ರೆ ನನಗೇ ಎದೆ ಹೊಡ್ಕೊಳ್ಳುತ್ತೆ. ಜನ ಗಾಬರಿಯಾಗ್ತಾರೆ ಕಣಣ್ಣ. 'ಸವಾಲಿನ ಸಂದರ್ಭ' ಅಂದ್ರೆ ಎಷ್ಟು ಹಿತವಾಗಿದೆ ನೋಡು," ಅಂದರು.

ಮೇಲೆ ಹೋಗಿ ಕಾನೂನಿನವರ ಸಹಿ ಮತ್ತೆ ತಂದು, ಹಿತ್ತಲಿನ ಉಗ್ರಾಣಕ್ಕೆ ಹೋಗುವಾಗ ಮಧ್ಯಾಹ್ನ ಎರಡೂವರೆ. ಉಗ್ರಾಣದ ಯಜಮಾನ ಊಟ ಮುಗಿಸಿ ಕಂಬಳಿಯ ಗಂಟಿಗೆ ಒರಗಿದ್ದ.

"ಮಕ್ಕಳು ಅಂದ್ರೆ ಯಾರು?"

"ಮಕ್ಕಳು ಅಂದ್ರೆ... ಮಕ್ಕಳು, ಸಾರ್."

"ಹದಿನೇಳು ವರ್ಷದವನು ಮಗುವಾ? ಅವನಿಗೆ ಸಣ್ಣ ಕಂಬಳಿ ಕೊಟ್ರೆ ಕಾಲು ಹೊರಗೆ, ದೊಡ್ಡದು ಕೊಟ್ರೆ ನನ್ನ ಪಟ್ಟಿ ತಪ್ಪು. ನೋಡು, ನನ್ನ ಪುಸ್ತಕದಲ್ಲಿ ಅನುಮಾನವೇ ಇಲ್ಲ. 'ಸಣ್ಣ ಕಂಬಳಿಗೆ ಅರ್ಹರಾದವರು.' ಇದನ್ನ ಹಾಕು, ಈಗಲೇ ಸಹಿ."

ಹಾಕಿದ. ಮತ್ತೆ ಮೂರನೇ ಮಹಡಿ, ಮತ್ತೆ ಮೊದಲನೇ ಮಹಡಿ. ಆ ಹೊತ್ತಿಗೆ ಕರಡಪ್ಪನ ಮೊಣಕಾಲು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ತಮ್ಮ ತಮ್ಮ ಮಾತು ಒಳಗಿರುವುದನ್ನು ಕಂಡು ಸಮಾಧಾನಗೊಂಡ ಇಬ್ಬರೂ ಉಳಿದದ್ದನ್ನು ಓದದೆ ಸಹಿ ಮಾಡಿದರು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಮೂರು ಮನೆಯೂ ತುಂಬಿತ್ತು! ಗಂಟೆ ನಾಲ್ಕೂವರೆ.

ಕರಡಪ್ಪ ಮೆಟ್ಟಿಲ ಮೇಲೆ ಕುಳಿತು, ಉಸಿರು ಹದಕ್ಕೆ ಬಂದ ಮೇಲೆ, ಕಾಗದವನ್ನು ಇಡಿಯಾಗಿ ಓದಿದ.

"ಸವಾಲಿನ ಸಂದರ್ಭಗಳಲ್ಲಿ ಸಣ್ಣ ಕಂಬಳಿಗೆ ಅರ್ಹರಾದವರಿಗೆ ಸಂಬಂಧಿಸಿದ ಕ್ರಮಗಳ ಬಗ್ಗೆ ಈವರೆಗಿನ ಅಧ್ಯಯನಗಳನ್ನು ಓದಿ ತಿಳಿಸಿಕೊಡಬೇಕು."

ಎರಡನೇ ಸಲ ಓದಿದ. ಇದರಲ್ಲಿ ಆಪತ್ತಿಲ್ಲ, ಕಾಪಾಡುವುದಿಲ್ಲ, ಮಕ್ಕಳೂ ಇಲ್ಲ. ಪ್ರೊಫೆಸರಮ್ಮ ಪಾಪ ಎರಡು ವರ್ಷ ಕಣ್ಣು ಕೆಂಪು ಮಾಡಿಕೊಂಡು ಲೋಕದ ಕಂಬಳಿಗಳ ಚರಿತ್ರೆ ಬರೆದು ಕಳಿಸುತ್ತಾರೆ. ಅದನ್ನು ತಗೊಂಡು ಹೋಗಿ ಹೆಂಡತಿಯ ಕೈಗಿಟ್ಟರೆ, ತಮ್ಮನ ಅಂಗಿ ಬಿಡದ ಆ ಹುಡುಗಿಗೆ ಅವಳು ಏನು ಹೇಳಿಯಾಳು?

ಸಹಿಯಾದ ಕಾಗದ. ಹೀಗೆಯೇ ಕಳಿಸಿದರೆ ಕೇಳುವವರಿಲ್ಲ. ತಿದ್ದಿಸಲು ಹೋದರೆ ಐದು ಗಂಟೆ ದಾಟಿ ಇದ್ದದ್ದೂ ಹೋಗುತ್ತದೆ. ಕರಡಪ್ಪ ಎದ್ದ. ಅವನ ಕಾಲು ಟಪಾಲಿನ ಕಡೆಗೆ ಹೋಗಬೇಕಾದದ್ದು, ದೊಡ್ಡ ಮೇಡಂ ಕೋಣೆಗೆ ಹೋಯಿತು. ಕೂರು ಎನ್ನುವ ಮೊದಲೇ ಅವನು ಗಟ್ಟಿಯಾಗಿ ಆ ಸಾಲು ಓದಿಬಿಟ್ಟ.

"ಯಾವ ಕಂಬಳಿ?" ಅಂದರು ಮೇಡಂ.

ಮೂವರನ್ನೂ ಕರೆಸಿದರು. ಮೂವರೂ ಸಾಲಾಗಿ ನಿಂತರು.

"ನಾನು ತಿದ್ದಿದ್ದು ಒಂದೇ ಮಾತು ಮೇಡಂ," ಅಂದರು ಕಾನೂನಿನವರು.

"ನಾನೂ ಒಂದೇ," ಅಂದರು ಪ್ರಚಾರದಮ್ಮ.

"ನಂದೂ ಅಷ್ಟೇ. ಅದೂ ಪುಸ್ತಕದಲ್ಲಿರೋದು," ಅಂದ ಉಗ್ರಾಣದವನು.

ಯಾರೂ ಸುಳ್ಳು ಹೇಳಲಿಲ್ಲ. ಕಾಗದದಲ್ಲಿ ಮಕ್ಕಳನ್ನು ಕಳೆದವರು ಯಾರೂ ಇಲ್ಲ, ಮಕ್ಕಳು ಮಾತ್ರ ಇಲ್ಲ.

"ಕರಡಪ್ಪ, ಮೊದಲು ಏನು ಬರೆದಿದ್ದೆ?"

ಅವನು ಮಡಿಕೆಯಲ್ಲಿ ಹರಿಯುವಂತಾಗಿದ್ದ ಮೊದಲ ಕರಡನ್ನು ಬಿಡಿಸಿದ. "ಆಪತ್ತಿನಲ್ಲಿ ಸಿಕ್ಕಿಕೊಂಡ ಮಕ್ಕಳನ್ನು ಕಾಪಾಡುವ ಯಾವ ಉಪಾಯಗಳು ನಿಜಕ್ಕೂ ಫಲ ಕೊಟ್ಟಿವೆ ಎಂಬುದನ್ನು, ಈವರೆಗಿನ ಅಧ್ಯಯನಗಳನ್ನೆಲ್ಲ ಓದಿ ತಿಳಿಸಿಕೊಡಬೇಕು."

"ಇದು ನನಗೂ ಅರ್ಥವಾಯ್ತಲ್ಲ!" ಎಂದು ಮೇಡಂ ಅಲ್ಲೇ ಟೈಪು ಮಾಡಿಸಿದರು. ಮೂವರೂ ಒಂದಕ್ಷರ ತಿದ್ದದೆ ಸಹಿ ಹಾಕಿದರು. ಪ್ರಚಾರದಮ್ಮನ ಪೆನ್ನು 'ಆಪತ್ತಿ'ನ ಮೇಲೆ ಸ್ವಲ್ಪ ತಡೆದು, ಮೇಡಂ ಕೆಮ್ಮಿದ ಮೇಲೆ ಮುಂದೆ ಹೋಯಿತು. ಗಂಟೆ ಐದಕ್ಕೆ ಏಳು ನಿಮಿಷ ಬಾಕಿ.

ಕರಡಪ್ಪ ಕೈ ಚಾಚಿದ. ಮೇಡಂ ಕಾಗದ ಕೊಡಲಿಲ್ಲ. ಸ್ಕೇಲು ಹಿಡಿದು ಹಳದಿ ಚೀಟಿಯಲ್ಲಿ ಒಂದು ಗೆರೆ ಎಳೆದರು. "ಇವತ್ತಿನಿಂದ ನಾಲ್ಕನೇ ಮನೆ. ಇಲ್ಲಿ ಕರಡಪ್ಪನ ಸಹಿ. ಇವನು ಒಪ್ಪದೆ ಈ ಕಚೇರಿಯಿಂದ ಒಂದು ಕಾಗದವೂ ಹೊರಗೆ ಹೋಗೋಹಾಗಿಲ್ಲ. ಇದರಿಂದಲೇ ಶುರು. ಹಾಕು."

ಕಾನೂನಿನವರ ಮುಖ ಅರಳಿತು. "ನನ್ನಲ್ಲಿ ನಲವತ್ತು ಕಾಗದ ಬಿದ್ದಿವೆ. ನಾಳೆ ಬೆಳಿಗ್ಗೆ ನಿನ್ನ ಮೇಜಿಗೇ ಕಳಿಸ್ತೀನಿ ಬಿಡು."

ಇಪ್ಪತ್ತೆರಡು ವರ್ಷದಲ್ಲಿ ಕರಡಪ್ಪ ಬರೆದದ್ದಕ್ಕೆ ಲೆಕ್ಕವಿಲ್ಲ. ಒಂದಕ್ಕಾದರೂ ಅವನ ಒಪ್ಪಿಗೆ ಕೇಳಿದವರಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದ. ಸಹಿ ಹಾಕುವವನು ಓದಬೇಕಲ್ಲ, ಓದಿದ.

'ಉಪಾಯಗಳು.'

ಉಪಾಯ ಅಂದರೆ ಏನೋ ಕಿತಾಪತಿಯ ವಾಸನೆ ಬರುತ್ತದಲ್ಲ? 'ದಾರಿಗಳು' ಅಂದಿದ್ದರೆ ಎಷ್ಟು ಚೆನ್ನಾಗಿತ್ತು. ಒಂದೇ ಮಾತು. ಅವನ ಬೆರಳು ತಾನಾಗಿಯೇ 'ಉ'ಕಾರದ ಕಡೆಗೆ ಜರುಗಿತು. ತಲೆಯೆತ್ತಿದರೆ ಮೂವರೂ ಅವನನ್ನೇ ನೋಡುತ್ತಿದ್ದರು, ಹೊಸ ಸೊಸೆ ಮನೆಗೆ ಹೊಂದಿಕೊಂಡಳೆಂದು ಹಿಗ್ಗುವ ಅತ್ತೆಯರ ಹಾಗೆ.

"ತಿದ್ದೋದಿತ್ತಾ?" ಅಂದರು ಕಾನೂನಿನವರು, ಬಹಳ ಮೃದುವಾಗಿ.

ಕರಡಪ್ಪ ಕಣ್ಣು ಮುಚ್ಚಿಕೊಂಡು ಸಹಿ ಗೀಚಿದ. ಕಾಗದ ಕಿತ್ತುಕೊಂಡವನೇ ಮೆಟ್ಟಿಲು ಎರಡೆರಡು ಹಾರಿ ಟಪಾಲಿನಮ್ಮನ ಕಿಟಕಿಗೆ ಬಂದ. ಆಕೆ ಚೀಲದ ಬಾಯಿ ಕಟ್ಟುತ್ತಿದ್ದವರು ಲಕೋಟೆ ಅಂಟಿಸಿ, ಮೊಹರು ಒತ್ತಿ, ಅವನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದರು.

"ಯಾಕಣ್ಣ, ಬೆವರು ಸುರೀತಿದೆ? ಏನಾದ್ರೂ ತಪ್ಪಿತ್ತಾ? ಬೇಕಾದ್ರೆ ಬಿಚ್ಚಿಕೊಡ್ತೀನಿ, ಇನ್ನೂ ಎರಡು ನಿಮಿಷ ಇದೆ."

"ಬೇಡ ತಾಯಿ," ಅಂದ ಕರಡಪ್ಪ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. "ಬೇಗ ಕಳಿಸಿಬಿಡಿ. ನಾನು ಇನ್ನೊಂದು ಸಲ ಓದೋದರೊಳಗೆ."

ಲಕೋಟೆ ಚೀಲಕ್ಕೆ ಬಿತ್ತು. ಗಾಡಿ ಹೊರಟಿತು.