ಮಂಗಗಳಿಗೂ ಪಾಲು ಕೊಟ್ಟ ಮಾಮಾ

ನಮ್ಮ ಮಾಮಾನ ಮುಂದೆ ನಿಂತಾಗಲೆಲ್ಲ, ಮನುಷ್ಯನಾಗಿ ಹುಟ್ಟಿದ್ದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಓತಿಕ್ಯಾತನಾಗಿ ಹುಟ್ಟಿದ್ದರೆ ಎಷ್ಟು ಮರ್ಯಾದೆ ಸಿಗುತ್ತಿತ್ತು! ಮಾಮಾ ಎಂದರೆ ನಮ್ಮವ್ವನ ತಮ್ಮ, ರೋಣದವನು. ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದ ಆ ದಿನಗಳಲ್ಲಿ ಗದಗಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ. ನನ್ನ ದುರ್ದೈವ, ನಾನೂ ಅದೇ ಕ್ಲಾಸಿನಲ್ಲಿದ್ದೆ.

ಅವನಿಗೆ ಹೆಣ್ಣು ನೋಡಲು ನರಗುಂದಕ್ಕೆ ಹೋದದ್ದು ಕೇಳಿ. ಹುಡುಗಿ ಅವಲಕ್ಕಿ ತಂದಿಟ್ಟು ಗೋಡೆಗೆ ಒರಗಿ ನಿಂತಳು. ಮಾಮಾ ರೆಪ್ಪೆ ಬಡಿಯದೆ ಅತ್ತಲೇ ನೋಡುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಅವನವ್ವ, ಅಂದರೆ ನಮ್ಮ ಅಜ್ಜಿಗೆ ಪರಮಾನಂದ.

"ಹ್ಯಾಂಗ ಅನಸ್ತೈತೋ?" ಎಂದು ಪಿಸುಗುಟ್ಟಿದಳು.

"ಭಾಳ ಚಲೋ ಐತವ್ವಾ. ಹರದ ಬಾಲ ಈಗಷ್ಟ ಚಿಗಿಯಾಕತ್ತೈತಿ!"

ಹುಡುಗಿಯ ತಲೆಯ ಮೇಲೆ, ಗೋಡೆಯಲ್ಲಿ, ಒಂದು ಹಲ್ಲಿಯಿತ್ತು. ಹುಡುಗಿಯ ಅಪ್ಪ ಧಡಕ್ಕನೆ ಎದ್ದು ನಿಂತರು. ಅವಳು ಮಾತ್ರ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಕ್ಕ ತಪ್ಪಿಗೆ ನಮ್ಮ ಅತ್ತೆಯಾದಳು.

ಮದುವೆಯಾದ ಮೇಲಾದರೂ ಸುಧಾರಿಸಿದನೇ? ಎಲ್ಲಿಯ ಮಾತು! ಬಚ್ಚಲಮನೆಯ ಬಾಗಿಲಿಗೆ ಜೇಡ ಬಲೆ ಕಟ್ಟಿತೆಂದು ಯಾರನ್ನೂ ಒಳಗೆ ಹೋಗಗೊಡಲಿಲ್ಲ.

"ಜೇಡ ಹೋತಂದ್ರ ಸೊಳ್ಳಿ ಹೆಚ್ಚಾಗ್ತಾವು. ಮನಿ ಅಂದ್ರ ನಾವಷ್ಟ ಅಲ್ಲ."

"ಹಂಗಾರ ಜೇಡನ ಜೋಡಿ ಸಂಸಾರ ಮಾಡ್ರಿ," ಎಂದಳು ಅತ್ತೆ. "ನಾ ತವರಿಗೆ ಹೋಗಿ ಜಳಕಾ ಮಾಡಿ ಬರ್ತೇನಿ."

ಮಾಮಾ ಬಹಳ ಕಾಳಜಿಯಿಂದ ನರಗುಂದದ ಬಸ್ಸಿನ ವೇಳೆ ಹೇಳಿದ.

ನಮ್ಮ ಕ್ಲಾಸಿನಲ್ಲಿ ಅಸೂಟಿಯ ಗೌಡರ ಮಗನಿದ್ದ. ಮನುಷ್ಯ ಮಂಗನಿಂದ ಬಂದನೆಂದು ಮಾಮಾ ಕಲಿಸುತ್ತಾನಂತೆ ಎಂಬ ಸುದ್ದಿ ಊರು ಮುಟ್ಟಿ, ಗೌಡರು ಕೆಂಡವಾಗಿ ಬಂದರು.

"ನನ್ನ ಮಗನ ಕಾಲೇಜು ಬಿಡಸ್ತೇನ್ರಿ!"

"ಬಿಡಸ್ರಿ. ನಾಳೆ ಹುಡುಗರನ್ನ ಗಜೇಂದ್ರಗಡದ ಗುಡ್ಡಕ್ಕ ಕರಕೊಂಡು ಹೊಂಟೇನಿ. ಬಂದು ನೋಡಿ, ಆಮ್ಯಾಲ ಬಿಡಸ್ರಿ."

ಗೌಡರು ಬುತ್ತಿ ಕಟ್ಟಿಕೊಂಡೇ ಬಂದರು. ಗುಡ್ಡದ ಮೇಲೆ ಮಾಮಾ ಒಂದು ಕಲ್ಲೆತ್ತಿ, ಅದರಡಿಯ ಚೇಳು, ಇರುವೆ, ಹುಲ್ಲಿನ ಬೇರು ತೋರಿಸಿ, ಯಾರು ಯಾರನ್ನು ತಿಂದು ಬದುಕುತ್ತಾರೆಂದು ವಿವರಿಸಿ, ಬಾಗಿಲು ಮುಚ್ಚುವವನಂತೆ ಕಲ್ಲನ್ನು ಮತ್ತೆ ಅಲ್ಲೇ ಇಟ್ಟ. ಅಷ್ಟರಲ್ಲಿ ಮಂಗಗಳ ಹಿಂಡೊಂದು ಗೌಡರ ಬುತ್ತಿಯ ಗಂಟನ್ನು ಹಾರಿಸಿಬಿಟ್ಟಿತು! ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಬಂಡೆಯ ತುದಿಗೆ!

"ನೋಡ್ರಿ, ನಿಮ್ಮ ಪೂರ್ವಜರ ಹಣೇಬರಾ!" ಗೌಡರು ಗುಡುಗಿದರು.

"ಪೂರ್ವಜರಲ್ರಿ ಗೌಡ್ರ. ನಮಗೂ ಅವಕ್ಕೂ ಭಾಳ ಹಿಂದ ಮುತ್ತಜ್ಜ ಒಬ್ಬಾವನ ಇದ್ದ. ಆಮ್ಯಾಲ ಮನಿ ಒಡದು ಬ್ಯಾರೆ ಆಗೇವಿ. ಅವು ದಾಯಾದ್ಯಾರು. ತಮ್ಮ ಪಾಲು ಒಯ್ದಾವು, ಅಷ್ಟ."

ಹೊಲದ ಬದುವಿಗಾಗಿ ಗೌಡರು ದೊಡ್ಡಪ್ಪನ ಮಕ್ಕಳೊಡನೆ ವರ್ಷಗಟ್ಟಲೆ ಕೋರ್ಟಿಗೆ ತಿರುಗುತ್ತಿದ್ದರು. ರೊಟ್ಟಿ ಮುರಿಯುತ್ತಿದ್ದ ಮಂಗಗಳನ್ನು ದಿಟ್ಟಿಸಿ ನೋಡಿದರು.

"ಹಂಗಾದ್ರ ಇದು ಖರೇನ ಇರಬೇಕ್ರಿ!"

ಮಗ ಕಾಲೇಜಿನಲ್ಲೇ ಉಳಿದ.

ಅದೇ ವರ್ಷ ಅಜ್ಜಿ ತೀರಿಕೊಂಡಳು. ಮಾಮಾ ಅಳಲಿಲ್ಲ. ದಿನಕರ್ಮ ಮುಗಿಸಿ ಬಂದವನೇ ಕ್ಲಾಸು ತೆಗೆದುಕೊಂಡ. ತಾಯಿತಂದೆಯರ ಲಕ್ಷಣ ಮಕ್ಕಳಿಗೆ ಬರುವ ಪಾಠ. ಕೆಲವರ ಕಿವಿಯ ಹಾಲೆ ಜೋತಾಡುತ್ತದೆ, ಕೆಲವರದು ಕೆನ್ನೆಗೆ ಅಂಟಿರುತ್ತದೆ ಎಂದು ಹೇಳಿ, ನನ್ನನ್ನು ಮುಂದೆ ಕರೆದು ನಿಲ್ಲಿಸಿದ.

"ಇಲ್ಲಿ ನೋಡ್ರಿ. ಇವನ ತಾಯಿಗೂ ಹಿಂಗ ಐತಿ. ಆಕಿ ತಾಯಿಗೂ..."

ಮಾಮಾ ಸುಣ್ಣದ ಕಡ್ಡಿಯ ಪುಡಿ ಮೆತ್ತಿದ ಬೆರಳುಗಳಲ್ಲಿ ನನ್ನ ಕಿವಿಯನ್ನು ಮೆಲ್ಲಗೆ ಹಿಡಿದುಕೊಂಡ. ಗಂಟೆ ಬಾರಿಸುವವರೆಗೂ ಬಿಡಲಿಲ್ಲ.