ಮಾಮನ ಹೊಲಿಗೆ

ನಮ್ಮ ಮನೆಗೆ ಊಟಕ್ಕೆ ಬಂದಾಗ ಹಲ್ಲಿಗೆ ನೂಲು ಸಿಕ್ಕಿದರೆ ತಪ್ಪು ತಿಳಿಯಬೇಡಿ. ಎಣ್ಣೆಗಾಯಿ ಬದನೆಕಾಯಿಗೆ ಆಪರೇಶನ್ ಆಗಿದೆ ಎಂದಷ್ಟೇ ಅರ್ಥ!

ಮಾಡಿದವನು ನಮ್ಮ ಮನೆಯಲ್ಲೇ ಇರುವ ನನ್ನ ಸೋದರಮಾವ. ಸಿಂಧನೂರಿನಲ್ಲಿ ಆಯುಷ್ಯವಿಡೀ ಹೊಟ್ಟೆ ಕೊಯ್ದ ಸರ್ಜನ್. ಮುಖ ಮರೆಯುತ್ತಾನೆ, ಹೆಸರು ಮರೆಯುತ್ತಾನೆ, ತಾನು ಹಾಕಿದ ಹೊಲಿಗೆ ಮಾತ್ರ ಮರೆಯುವುದಿಲ್ಲ. ಮಸ್ಕಿಯ ಮದುವೆಯೊಂದರಲ್ಲಿ ಬೀಗರು ನಮಸ್ಕಾರ ಎಂದರೆ ಪಿಳಿಪಿಳಿ ನೋಡಿದ. ಅವರು ಹೊಟ್ಟೆಯ ಬಲಗಡೆ ಸವರಿ ನೆನಪಿಸಿದ್ದೇ ತಡ, ಅಂಗಿ ಎತ್ರಿ ಎಂದ. ಬೀಗರು ಎತ್ತಿಯೂಬಿಟ್ಟರು! ಅಕ್ಷತೆ ಹಿಡಿದು ನಿಂತ ಜನವೆಲ್ಲ ವಧೂವರರನ್ನು ಬಿಟ್ಟು ಅಪೆಂಡಿಕ್ಸಿನ ಗಾಯ ನೋಡಿತು. ಇಂಥವನ ಜೊತೆ ಯಾರು ಮದುವೆಗೆ ಹೋದಾರು, ಹೇಳಿ?

ಈಚೆಗೆ ಅವನ ಬಲಗೈ ನಡುಗುತ್ತದೆ. ನನಗೊಬ್ಬಳಿಗೇ ಗೊತ್ತು. ಊರಿಗೆ ತಿಳಿದರೆ ಹಳೇ ಹೊಲಿಗೆಗಳ ಮೇಲೂ ಜನಕ್ಕೆ ಅನುಮಾನ ಬಂದೀತೆಂಬ ಹೆದರಿಕೆ ಅವನಿಗೆ. ಕಣ್ಣು ಮಂಜೆಂದು ಸುಳ್ಳು ಹೇಳಿ, ಲಿಂಗಸುಗೂರಿನಿಂದ ಬಂದ ಕಿರಿಯ ಡಾಕ್ಟರಿಗೆ ಆಸ್ಪತ್ರೆ ವಹಿಸಿದ. ಆಮೇಲೆ ಶುರುವಾಯಿತು ಬದನೆಕಾಯಿ. ನಾನು ಮಸಾಲೆ ತುಂಬಿಟ್ಟದ್ದನ್ನೆಲ್ಲ ಕೂತು ಹೊಲಿಯುವನು. ಕೈ ಇವತ್ತಾದರೂ ಮಾತು ಕೇಳೀತೇ ಎಂಬ ಆಸೆ. ಹೊಲಿಗೆ ಸೀದಾ ಇದೆಯೇ ಎಂದು ಕೇಳುವನು. ಸೊಟ್ಟಗಿದೆ ಎನ್ನಲು ನನಗೆ ಬಾಯಿ ಬರುವುದಿಲ್ಲ; ಉಪ್ಪು ಕಡಿಮೆಯಾಗಿದೆ ಎಂದು ಮಾತು ತೇಲಿಸುತ್ತೇನೆ.

ಒಂದು ದಿನ ಸೂಜಿ ಕೆಳಗಿಟ್ಟ. "ಅವತ್ತು ಮಾಡಿದ್ದೇ ನಂದು ಕಡೀ ಆಪರೇಶನ್ ಅಂತ ಗೊತ್ತಿದ್ದಿಲ್ಲ ನೋಡವಾ. ಗೊತ್ತಿದ್ರ ಒಂಚೂರು ಸಾವಕಾಶ ಹೊಲೀತಿದ್ದೆ" ಎಂದ. ನಾನು ಸೂಜಿಗೆ ಹೊಸ ನೂಲು ಪೋಣಿಸಿ ಅವನ ಮುಂದಿಟ್ಟೆ.

ಹೋದ ತಿಂಗಳು ಪಾಮನಕಲ್ಲೂರಿನ ಒಬ್ಬಾಕೆ ಹರ್ನಿಯಾ ಎಂದು ಬಂದಳು. ಹಿಂದೆ ಇವನ ಕೈಯಲ್ಲೇ ಹೊಟ್ಟೆ ಕೊಯ್ಸಿಕೊಂಡವಳು. ಬೇರೆಯವರು ಮುಟ್ಟಕೂಡದೆಂದು ಒಂದೇ ಹಟ. ಮಾಮ ಕಣ್ಣಿನ ನೆಪ ಹೇಳಿದ. ಹಾಗಾದರೆ ಸುಮ್ಮನೆ ಕೈ ಹಿಡಿದು ನಿಲ್ಲಿ ಎಂದಳು ಪುಣ್ಯಾತ್ಗಿತ್ತಿ! ಬೆನ್ನಿಗೆ ಸೂಜಿ ಚುಚ್ಚಿ ಎದೆಯಿಂದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಅವಳಿಗೆ ಎಚ್ಚರವಿತ್ತು. ಕಿರಿಯ ಡಾಕ್ಟರು ಕೊಯ್ದರು. ಮಾಮ ಅವಳ ಕೈ ಹಿಡಿದು ತಲೆಯ ಕಡೆ ನಿಂತ. ಇವತ್ತು ಗುಟ್ಟು ರಟ್ಟಾಯಿತೆಂದು ನಾನು ಹೊರಗೆ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ.

ಮರುದಿನ ಅವಳಿಗೆ ಗಂಜಿ ಒಯ್ದೆ. ಮಾಮ ಬಾಗಿಲಲ್ಲಿದ್ದ. ಅವಳು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ನಿಮ್ಮ ಮಾಮಗ ಅಂಜಿಕಿ ಭಾಳ ಐತಿ ನೋಡವಾ. ಕೈ ಗಡಗಡ ನಡಗಾಕತ್ತಿತ್ತು. ಏನೂ ಆಗಂಗಿಲ್ರೀ ಡಾಕ್ಟ್ರೇ, ಅಂಜಬ್ಯಾಡ್ರಿ ಅಂತ ಸಮಾಧಾನ ಮಾಡೋದ್ರಾಗ ನಂದು ಮುಗದೇ ಹೋತು."

ಮಾಮನಿಗೆ ಕೇಳಿಸಿತ್ತು. ಒಳಗೆ ಬಂದು, ಆ ನಡುಗುವ ಕೈಯನ್ನೇ ಅವಳ ಕೈ ಮೇಲಿಟ್ಟ.

"ಹೌದವಾ, ಅಂಜಿದ್ದೆ. ನೀ ಇದ್ದಿ, ಪಾರಾದೆ."