ಕಾರಿನ ಮೇಲೊಂದು ಹಾಸಿಗೆ

ಹಾಸಿಗೆ ಕಾರಿನೊಳಗೆ ಹಿಡಿಸಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಮನ್ವಿತ್ ಹಾಸಿಗೆ ಕಂಪೆನಿಯೊಂದರ ಸೇಲ್ಸ್‌ಮನ್. ಮೂಡುಬಿದಿರೆಯಲ್ಲಿ ಹೊಸ ಲಾಡ್ಜ್ ಕಟ್ಟಿಸಿದ್ದ ಶ್ರೇಯಾಂಸಕುಮಾರರು, "ಒಂದು ಸ್ಯಾಂಪಲ್ ತನ್ನಿ. ಹಿಡಿಸಿದರೆ ಎಲ್ಲ ರೂಮಿಗೂ ನಿಮ್ಮದೇ" ಎಂದಿದ್ದರು. ಈ ಆರ್ಡರ್ ಸಿಕ್ಕರೆ ಬಡ್ತಿ ಗ್ಯಾರಂಟಿ. ಹೆಂಡತಿ ದೀಕ್ಷಿತಾಳ ತವರೂ ಅದೇ ಊರು. ದಾರಿಯಲ್ಲಿ ವೇಣೂರಿನ ಬಾಹುಬಲಿ, ಆಮೇಲೆ ಸಾವಿರ ಕಂಬದ ಬಸದಿ, ಮಧ್ಯಾಹ್ನ ಲಾಡ್ಜ್, ರಾತ್ರಿಗೆ ಅತ್ತೆಯ ಕೋರಿ ರೊಟ್ಟಿ! ಮದುವೆಯಾದ ಮೇಲೆ ಇಬ್ಬರೂ ಹೀಗೆ ತಿರುಗಲು ಹೊರಟದ್ದು ಇದೇ ಮೊದಲು. ದೀಕ್ಷಿತಾ ಬೆಳಗ್ಗಿನಿಂದ ಖುಷಿಯಲ್ಲಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿದ್ದಳು.

ಹಾಸಿಗೆಯನ್ನು ಕಾರಿನ ನೆತ್ತಿಗೆ ಕಟ್ಟುವಾಗ ಪಕ್ಕದ ಮನೆಯ ಸೇಸಮ್ಮ ಇಣುಕಿದಳು. ಈ ಸಂಬಂಧ ಕುದುರಿಸಿದವಳೇ ಅವಳು.

"ಎಲ್ಲಿಗೆ ದೀಕ್ಷಿತಾ?"

"ಅಮ್ಮನ ಮನೆಗೆ ಸೇಸಕ್ಕಾ!"

"ಹಾಸಿಗೆ ಸಮೇತವಾ?"

ದೀಕ್ಷಿತಾ ನಗುತ್ತಾ ಕೈ ಬೀಸಿದಳು. ಕಾರು ಊರಂಚಿನ ಲಾಯಿಲ ದಾಟುವ ಮೊದಲೇ ಸೇಸಮ್ಮ ಮೂಡುಬಿದಿರೆಗೆ ಫೋನ್ ಹಚ್ಚಿದ್ದಳು.

"ವಾರಿಜಾಕ್ಷೀ, ನಿನ್ನ ಮಗಳು ಗಂಡನ ಮನೆ ಬಿಟ್ಟು ಹೊರಟಳು. ಹಾಸಿಗೆಯನ್ನೂ ಬಿಡಲಿಲ್ಲ ಮಾರಾಯ್ತಿ!"

ವೇಣೂರಿನ ಹತ್ತಿರ ಗಾಳಿಗೆ ಹಾಸಿಗೆಯ ಮುಂದಿನ ತುದಿ ಮೇಲೆದ್ದು, ಕಾರು ಹೆಡೆ ಎತ್ತಿದ ಹಾವಾಯಿತು. ಮನ್ವಿತ್ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಹೆಡೆ ಹಿಡಿದುಕೊಂಡು ಓಡಿಸಿದ. ದೀಕ್ಷಿತಾ ನಕ್ಕೂ ನಕ್ಕೂ ಬಿಕ್ಕಳಿಸತೊಡಗಿದಳು. ಅದೇ ಹೊತ್ತಿಗೆ ಅಮ್ಮನ ಫೋನು.

"ಅಳ್ಬೇಡ ಮಗಾ. ಸೀದಾ ಮನೆಗೆ ಬಾ."

"ಬಸದಿಗೆ... ಹೋಗಿ... ಬರ್ತೇವೆ ಅಮ್ಮಾ!"

"ಅಯ್ಯೋ, ಬಸದಿಯಲ್ಲಿ ಆಣೆ ಹಾಕುವಷ್ಟು ಜಗಳ ಆಯಿತಾ?" ಎಂದು ವಾರಿಜಾಕ್ಷಿ ತನ್ನ ತಮ್ಮ ಮಾಯಿಲಪ್ಪನನ್ನು ಬಸದಿಗೆ ಓಡಿಸಿದಳು.

ಅಲ್ಲಿ ದೀಕ್ಷಿತಾ ಕಂಬ ಕಂಬಕ್ಕೂ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಹಿಂದಿನಿಂದ ಬಂದ ಮಾಯಿಲಪ್ಪ ಮನ್ವಿತನ ಹೆಗಲು ಹಿಡಿದ. "ಇಲ್ಲಿ ಮಾತು ಬೇಡ ಅಳಿಯಾ. ಮನೆಯಲ್ಲಿ ಎಲ್ಲ ಕೂತಿದ್ದಾರೆ."

ನಿಜವಾಗಿ ಎಲ್ಲರೂ ಕೂತಿದ್ದರು. ಚಾವಡಿಯಲ್ಲಿ ಮಾವ ನೋಣಯ್ಯ ಸೊಂಟಕ್ಕೆ ಬೆಲ್ಟ್ ಬಿಗಿದು, ನ್ಯಾಯಾಧೀಶರ ಹಾಗೆ ನಡುವೆ. ಸುತ್ತ ನೆಂಟರಿಷ್ಟರು.

"ನನ್ನ ಮಗಳು ಏನು ತಪ್ಪು ಮಾಡಿದಳು? ಹೇಳಿ ಅಳಿಯಂದಿರೇ!"

ದೀಕ್ಷಿತಾಳಿಗೆ ವಿಷಯ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಎಂತ ಜಗಳ ಅಪ್ಪಾ? ನಾವು ತಿರುಗಲಿಕ್ಕೆ ಬಂದದ್ದು!"

"ಮತ್ತೆ ಹಾಸಿಗೆ?"

ಯಾರೂ ಉತ್ತರ ಕೊಡುವ ಮೊದಲೇ ವಾರಿಜಾಕ್ಷಿಯ ಮುಖ ಅರಳಿತು. "ನಿಮ್ಮ ಸೊಂಟ ನೋವಿಗೆ ಅಳಿಯ ತಂದದ್ದು! ಅಲ್ವಾ ಅಳಿಯಂದಿರೇ?"

ಇಡೀ ಚಾವಡಿಯ ಕಣ್ಣುಗಳು ಮನ್ವಿತನ ಮೇಲೆ. ಈಗಷ್ಟೇ ಶೂಲದಿಂದ ಇಳಿದವನು ಮತ್ತೆ ಹತ್ತುತ್ತಾನೆಯೇ?

"ಹೌದು ಅತ್ತೆ" ಎಂದುಬಿಟ್ಟ.

ಹಾಸಿಗೆ ಇಳಿಯಿತು, ಪ್ಲಾಸ್ಟಿಕ್ ಹರಿಯಿತು. ನೋಣಯ್ಯ ಮೈ ಚಾಚಿ, "ಆಹಾ!" ಎಂದವರು ಆ ಉಸಿರು ಮುಗಿಯುವುದರೊಳಗೆ ಗೊರಕೆಗೆ ಇಳಿದರು.

ಅಷ್ಟರಲ್ಲಿ ಶ್ರೇಯಾಂಸಕುಮಾರರ ಫೋನು. "ಎಲ್ಲಿದ್ದೀರಿ ಮಾರಾಯ್ರೇ? ಹಾಸಿಗೆ ಎಲ್ಲುಂಟು?"

ಮನ್ವಿತನ ತಲೆಯಲ್ಲಿ ಮಿಂಚು ಹೊಡೆಯಿತು. ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ? "ಇಲ್ಲಿ ಮಾವ ನೋಣಯ್ಯನವರ ಮನೆಗೇ ಬನ್ನಿ ಸರ್. ಜೀವಂತ ಸಾಕ್ಷಿ ತೋರಿಸ್ತೇನೆ!"

ಶ್ರೇಯಾಂಸಕುಮಾರರು ಬಂದರು. ಹಾಸಿಗೆ ಒತ್ತಿ ನೋಡಿದರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ನೋಣಯ್ಯ ಅಲುಗಲಿಲ್ಲ. ಮಾಯಿಲಪ್ಪ ಭಾವನ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದ. ಗೊರಕೆಯ ಶ್ರುತಿ ಕೂಡ ತಪ್ಪಲಿಲ್ಲ. ಮನ್ವಿತನಿಗೆ ಆಗಲೇ ಮ್ಯಾನೇಜರ್ ಕುರ್ಚಿಯಲ್ಲಿ ಕೂತಂತಾಯಿತು.

"ಭಾರೀ ಹಾಸಿಗೆ! ಇಂಥದ್ದು ನಾನು ಎಲ್ಲೂ ನೋಡಲಿಲ್ಲ" ಎಂದರು ಶ್ರೇಯಾಂಸಕುಮಾರರು.

"ಹಾಗಾದರೆ ಆರ್ಡರ್, ಸರ್?"

"ಬೇಡ."

"ಯಾಕೆ ಸರ್?"

"ನನ್ನಲ್ಲಿಗೆ ಬರುವವರು ಬೆಳಗ್ಗೆ ಬೇಗ ಎದ್ದು ಧರ್ಮಸ್ಥಳಕ್ಕೆ ಹೋಗುವವರು. ಇದರಲ್ಲಿ ಮಲಗಿದರೆ ಎಬ್ಬಿಸುವವರು ಯಾರು? ರೂಮು ಖಾಲಿಯಾಗುವುದು ಯಾವಾಗ? ಸ್ವಲ್ಪ ಬೆನ್ನಿಗೆ ಚುಚ್ಚುವಂಥದ್ದು ಇದ್ದರೆ ತನ್ನಿ, ನೋಡುವ."

ಅವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಮನ್ವಿತ್ ಹಾಸಿಗೆಯ ಅಂಚಿಗೆ ಕುಸಿದ. ಮಾವ ನಿದ್ದೆಯಲ್ಲೇ ಅವನನ್ನು ಮೊಣಕಾಲಿನಿಂದ ಆಚೆ ತಳ್ಳಿ, ಉಳಿದರ್ಧಕ್ಕೂ ಕೈಕಾಲು ಚಾಚಿದರು.